ಬಾಡಿಗೆ ಮನೆ ಬಾಗಿಲಿಗೆ ಮೊಳೆ ಹೊಡೆಯದೆ ಅಲಾರಂ: ಡಿಸೈನ್ ಹೇಗಿರಬೇಕು?

ಸರ್ಕ್ಯೂಟ್_ಹುಚ್ಚ
ಬೆಂಗಳೂರಿನ ಬಾಡಿಗೆ ಮನೆಗಳಿಗೆ ಅಂತಲೇ ಒಂದು ಬಾಗಿಲ ಅಲಾರಂ ಮಾಡುತ್ತಿದ್ದೇನೆ. ಡ್ರಿಲ್ ಇಲ್ಲ, ಮೊಳೆ ಇಲ್ಲ, ವೈರಿಂಗ್ ಮುಟ್ಟುವ ಹಾಗಿಲ್ಲ. ಯಾಕೆ ಅಂತ ಗೊತ್ತಲ್ಲ, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹೇಗೂ ಮುರಿದುಕೊಳ್ಳುತ್ತಾರೆ, ಗೋಡೆ ತೂತಾಗಿದ್ದರೆ ಅದಕ್ಕೆ ಬೇರೆ ಲೆಕ್ಕ ಶುರು. ಈಗ ಇರುವುದು ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಸಣ್ಣ ಕಂಟ್ರೋಲರ್ ಚಿಪ್ ಕೂರಿಸಿದ್ದು), ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಒಳಗಿನ ಸಂಪರ್ಕ ಕೂಡಿಕೊಳ್ಳುವ ಸ್ವಿಚ್), ಮ್ಯಾಗ್ನೆಟ್, ಮೂರು ಎಎ ಸೆಲ್. ಬಾಗಿಲು ತೆರೆದರೆ ವೈಫೈ ಮೂಲಕ ಫೋನಿಗೆ ಮೆಸೇಜ್ ಬರುತ್ತದೆ. ತಲೆನೋವು ಎರಡು. ಸೆಲ್ ಬೇಗ ಸತ್ತುಹೋಗುತ್ತಿದೆ. ಡಬಲ್ ಸೈಡ್ ಟೇಪ್ ಡಿಸ್ಟೆಂಪರ್ ಗೋಡೆ ಮೇಲೆ ನಿಲ್ಲುವುದಿಲ್ಲ, ನಿಂತರೆ ಕೀಳುವಾಗ ಬಣ್ಣವನ್ನೂ ಎಳೆದುಕೊಂಡು ಬರುತ್ತದೆ. ಇದರ ಜೊತೆ ಸ್ಮಾರ್ಟ್ ಲಾಕ್ ಕೂಡ ಸೇರಿಸಬೇಕಾ?

ಸೋಲ್ಡರ್ ಹೊಗೆ
ಗುರು, ತಪ್ಪು ಚಿಪ್ಪಿನದ್ದಲ್ಲ, ಬೋರ್ಡಿನದ್ದು. ಡೀಪ್ ಸ್ಲೀಪ್‌ನಲ್ಲಿ, ಅಂದರೆ ಕೆಲಸ ಇಲ್ಲದಾಗ ಗಾಢ ನಿದ್ದೆಯಲ್ಲಿ, ಚಿಪ್ ಕುಡಿಯುವುದು 10 ಮೈಕ್ರೋಆಂಪ್ ಆಸುಪಾಸು ಅಷ್ಟೇ. ಆದರೆ ಡೆವ್ ಬೋರ್ಡಿನ (ಪ್ರಯೋಗಕ್ಕೆ ಅಂತ ಎಲ್ಲ ಸೇರಿಸಿ ಮಾರುವ ಬೋರ್ಡ್) ಯುಎಸ್‌ಬಿ ಚಿಪ್, ರೆಗ್ಯುಲೇಟರ್, ಸುಮ್ನೆ ಉರಿಯುವ ಆ ಕೆಂಪು ಎಲ್‌ಇಡಿ ಸೇರಿ ಮಿಲಿಆಂಪ್ ಲೆಕ್ಕದಲ್ಲಿ ತಿನ್ನುತ್ತವೆ. ಬರೀ ಮಾಡ್ಯೂಲ್ ತಗೊಂಡು ಒಳ್ಳೆ ರೆಗ್ಯುಲೇಟರ್ ಹಾಕಿ.

ಇನ್ನೊಂದು ಕಳ್ಳ ಇದೆ. ಬಾಗಿಲು ದಿನದ ಬಹುಪಾಲು ಮುಚ್ಚಿರುತ್ತದೆ, ಅಂದರೆ ಮ್ಯಾಗ್ನೆಟ್ ಹತ್ತಿರ ಇದ್ದು ರೀಡ್ ಸ್ವಿಚ್‌ನ ಸಂಪರ್ಕ ಕೂಡಿಕೊಂಡೇ ಇರುತ್ತದೆ. ಪುಲ್‌ಅಪ್, ಅಂದರೆ ಸ್ವಿಚ್‌ನ ವೈರನ್ನು ಪ್ಲಸ್ ಕಡೆಗೆ ಎಳೆದು ಹಿಡಿಯುವ ರೆಸಿಸ್ಟರ್, 10 ಕಿಲೋಓಮ್ ಇದ್ದರೆ 3.3 ವೋಲ್ಟ್‌ಗೆ 330 ಮೈಕ್ರೋಆಂಪ್ ಇಡೀ ದಿನ ಹರಿಯುತ್ತಲೇ ಇರುತ್ತದೆ, ಚಿಪ್ ನಿದ್ದೆ ಮಾಡುತ್ತಿದ್ದರೂ. 1 ಮೆಗಾಓಮ್ ಹಾಕಿದರೆ 3ಕ್ಕೆ ಇಳಿಯುತ್ತದೆ. ಆಗ ವೈರ್ ಗಿಡ್ಡ ಇರಲಿ, ಒಂದು ಸಣ್ಣ ಕೆಪಾಸಿಟರ್ ಇರಲಿ, ಇಲ್ಲದಿದ್ದರೆ ಸುಳ್ಳು ಅಲಾರಂ ಹೊಡೆಯುತ್ತದೆ. ಚಿಕ್ಕದಾಗಿ ಚೆನ್ನಾಗಿ ಕಾಣುತ್ತದೆ ಅಂತ ಕಾಯಿನ್ ಸೆಲ್‌ಗೆ ಮಾತ್ರ ಹೋಗಬೇಡಿ, ವೈಫೈ ಒಮ್ಮೊಮ್ಮೆ 200 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯುತ್ತದೆ.

ಮೂರನೇ_ಮಹಡಿ
ಗೋಡೆ ಯಾಕೆ ಬೇಕು? ಬಾಗಿಲ ಚೌಕಟ್ಟಿಗೆ ಅಂಟಿಸಿ. ಎನಾಮಲ್ ಬಣ್ಣ ಇದ್ದರೆ ಟೇಪ್ ಚೆನ್ನಾಗಿ ಹಿಡಿಯುತ್ತದೆ, ಮೊದಲು ಧೂಳು, ಎಣ್ಣೆ ಜಿಡ್ಡು ಒರೆಸಿರಬೇಕು ಅಷ್ಟೇ. ತುದಿಯ ಕಿವಿ ಹಿಡಿದು ಎಳೆದರೆ ಬಿಟ್ಟುಕೊಳ್ಳುವ ಅಂಟು ಸ್ಟ್ರಿಪ್ ಸಿಗುತ್ತವೆ. ಅದನ್ನು ನಿಮ್ಮ ಕಡೆಗೆ ಎಳೆಯಬಾರದು, ಮೇಲ್ಮೈಗೆ ಒತ್ತಿದ ಹಾಗೆ ಕೆಳಗೆ ನಿಧಾನಕ್ಕೆ ಎಳೆಯಬೇಕು. ಹಾಗಾಗಿ ಆ ಕಿವಿ ಡಬ್ಬದ ಹೊರಗೆ ಕಾಣುವ ಹಾಗೆ ಡಿಸೈನ್ ಮಾಡಿ. ಕಬ್ಬಿಣದ ಗ್ರಿಲ್ ಗೇಟಿಗಾದರೆ ಮ್ಯಾಗ್ನೆಟ್ ತಾನೇ ಅಂಟುತ್ತದೆ, ಆದರೆ ಕಬ್ಬಿಣ ಅದರ ಬಲವನ್ನೂ ತನ್ನ ಕಡೆ ಎಳೆದುಕೊಳ್ಳುವುದರಿಂದ ರೀಡ್ ಸ್ವಿಚ್‌ಗೆ ತಲುಪುವ ದೂರ ಕಮ್ಮಿಯಾಗುತ್ತದೆ. ಮ್ಯಾಗ್ನೆಟ್‌ಗೂ ಕಬ್ಬಿಣಕ್ಕೂ ಮಧ್ಯೆ ಪ್ಲಾಸ್ಟಿಕ್ ತುಂಡು ಇಡಿ.

ಸ್ಮಾರ್ಟ್ ಲಾಕ್ ಬಿಟ್ಟುಬಿಡಿ. ಹೊರಗಿನ ದೇಶಗಳಲ್ಲಿ ಒಳಗಿನ ತಿರುಗಣೆ ಮೇಲೆ ಕೂರಿಸುವ ಲಾಕ್ ಇವೆ, ನಮ್ಮ ಬಾಗಿಲುಗಳಿಗೆ ಇರುವುದು ಚಿಲಕ, ಬೋಲ್ಟ್, ಮೇಲೊಂದು ಬೀಗ. ಕೂರಿಸುವುದು ಎಲ್ಲಿ? ಹಾಗೇ ಕ್ಯಾಮೆರಾನೂ ಬೇಡ. ಪ್ಯಾಸೇಜ್ ಕಡೆ ತಿರುಗಿಸಿದರೆ ಎದುರು ಮನೆಯವರು ಯಾವಾಗ ಬಂದರು, ಯಾರ ಜೊತೆ ಬಂದರು ಎಲ್ಲ ರೆಕಾರ್ಡ್ ಆಗುತ್ತದೆ. ಓನರ್‌ಗಿಂತ ಮೊದಲು ಅವರೇ ಜಗಳಕ್ಕೆ ಬರುತ್ತಾರೆ, ಬರಬೇಕಾದ್ದೇ.

ನಿವೃತ್ತ ಲೈನ್‌ಮನ್
ತಮ್ಮಾ, ಕರೆಂಟ್ ಹೋದರೆ? ರೌಟರ್ ಸತ್ತರೆ ನಿನ್ನ ಮೆಸೇಜ್ ಎಲ್ಲಿಂದ ಹೋಗಬೇಕು? ಡಬ್ಬದೊಳಗೇ ಒಂದು ಜೋರು ಬಜರ್ ಇರಲಿ, ನೆಟ್ ಇಲ್ಲದೆಯೂ ಕೂಗಬೇಕು. ರೌಟರ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ಅದಕ್ಕೂ ಗೋಡೆ ಕೊರೆಯಬೇಕಿಲ್ಲ.

ಸರ್ಕ್ಯೂಟ್_ಹುಚ್ಚ
ಥ್ಯಾಂಕ್ಸ್ ಎಲ್ಲರಿಗೂ. ಆ 10 ಕಿಲೋಓಮ್ ನನ್ನ ಬೋರ್ಡಿನಲ್ಲೂ ಇದೆ, ಇವತ್ತೇ ಬದಲಾಯಿಸುತ್ತೇನೆ. ಸರ್, ಬಜರ್ ಹಾಕುತ್ತೇನೆ. ಕ್ಯಾಮೆರಾ ಬದಲು ಹಾಲ್‌ನಲ್ಲಿ ಪಿಐಆರ್ (ಓಡಾಟ ಗುರುತಿಸುವ ಸೆನ್ಸರ್) ಇಡಬಹುದಾ?

ರಾಯಚೂರು_ಬಿಸಿಲು
ಇಡಬಹುದು, ಅದನ್ನೇ ನಂಬಿಕೊಳ್ಳಬೇಡಿ. ಪಿಐಆರ್ ನೋಡುವುದು ಮೈ ಶಾಖಕ್ಕೂ ಸುತ್ತಲಿನ ಶಾಖಕ್ಕೂ ಇರುವ ವ್ಯತ್ಯಾಸವನ್ನು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಮನೆಯೊಳಗೆ ಗೋಡೆಗೂ ಮನುಷ್ಯನಿಗೂ ಅದಕ್ಕೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಹಲ್ಲಿ ಲೆನ್ಸ್ ಮೇಲೆ ಓಡಿದರೆ ಮಾತ್ರ ಚೆನ್ನಾಗಿ ಕೂಗುತ್ತದೆ! ಬಾಗಿಲಿಗೆ ರೀಡ್ ಸ್ವಿಚ್ಚೇ ಇರಲಿ. ಮತ್ತೆ ಬೇರೆ ಮನೆಗೆ ಹೋದಾಗ ಹೊಸ ವೈಫೈ ಪಾಸ್‌ವರ್ಡ್ ಹಾಕಲು ಒಂದು ಬಟನ್ ಕೊಟ್ಟಿದ್ದೀರಾ, ಇಲ್ಲ ಕೋಡ್‌ನಲ್ಲೇ ಬರೆದಿಟ್ಟಿದ್ದೀರಾ?