ಮೌಂಟ್, ಅನ್‌ಮೌಂಟ್‌ಗೆ ‘ಆರೋಹಣ, ಅವರೋಹಣ’ ಸರಿಯೇ?

> ಜಯನಗರದ ಒಂದು ಶಾಲೆಯ ಲಿನಕ್ಸ್ ಲ್ಯಾಬಿಗೆ ಕೈಪಿಡಿ ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಅವೆನ್ಯೂ ರಸ್ತೆಯಲ್ಲಿ ಅಚ್ಚಿಗೆ ಕೊಡಬೇಕು. ಎನ್‌ಎಫ್‌ಎಸ್ (ದೂರದ ಸರ್ವರಿನ ಫೋಲ್ಡರನ್ನು ನಮ್ಮ ಕಂಪ್ಯೂಟರಿನಲ್ಲೇ ಬಳಸುವ ವ್ಯವಸ್ಥೆ) ಭಾಗದಲ್ಲಿ ಈ ಪದಗಳೇ ಸಾಕೇ?

ಸಾಲದು, ತಪ್ಪು ಕೂಡ. ಇಲ್ಲಿ ಯಾರೂ ಏನನ್ನೂ ಹತ್ತುವುದಿಲ್ಲ. ಹಿಂದೆ ಟೇಪಿನ ಸುರುಳಿಯನ್ನೋ ಡಿಸ್ಕನ್ನೋ ಕೈಯಲ್ಲಿ ಹಿಡಿದು ಯಂತ್ರಕ್ಕೆ ಕೂರಿಸುತ್ತಿದ್ದರು. ಮೌಂಟ್ ಅಂದರೆ ಅದು. ಈಗ ಡಿಸ್ಕನ್ನೋ ದೂರದ ಫೋಲ್ಡರನ್ನೋ ನಮ್ಮ ಕಂಪ್ಯೂಟರಿನ ಒಂದು ಫೋಲ್ಡರಿಗೆ ಜೋಡಿಸುವುದಕ್ಕೂ ಅದೇ ಹೆಸರು, ಬಿಡಿಸುವುದು ಅನ್‌ಮೌಂಟ್. ಲಿನಕ್ಸ್‌ಗೆ ಮಾದರಿಯಾದ, 1971ರ ಯುನಿಕ್ಸ್‌ನಲ್ಲೇ ಆ ಆಜ್ಞೆ ಇತ್ತು. 1984ರಲ್ಲಿ ಎನ್‌ಎಫ್‌ಎಸ್ ಬಂತು. ಡಿಸ್ಕ್ ದೂರದ ಸರ್ವರಿನಲ್ಲೇ ಉಳಿಯಿತು, ಪದ ಮಾತ್ರ ಜೊತೆಗೆ ಬಂತು.

ಮೌಂಟ್‌ಗೆ ನನ್ನ ಪದ ‘ಹೂಡು’, ಅನ್‌ಮೌಂಟ್‌ಗೆ ‘ಬಿಚ್ಚು’. ‘ಹೂಡು’ ಹಳಗನ್ನಡದ ‘ಪೂಡು’. ಗಾಡಿಗೆ ಎತ್ತು ಹೂಡುತ್ತೇವೆ, ಕೆಲಸ ಮುಗಿದ ಮೇಲೆ ಬಿಚ್ಚುತ್ತೇವೆ. ದೂರದ ಫೋಲ್ಡರೂ ಹಾಗೇ ಅಲ್ವಾ? ‘ಹೂಡಿಕೆ ಅಂದರೆ ಬ್ಯಾಂಕಿನ ದುಡ್ಡು’ ಅಂತ ತಕರಾರು ಬರುತ್ತದೆ. ನಾಮಪದ ಬೇಡ, ಕ್ರಿಯಾಪದ ಬಳಸಿ. ಮುಗಿಯಿತು.

ಬಿಚ್ಚಲು ಹೋದಾಗ ಬರುವ ‘ಟಾರ್ಗೆಟ್ ಈಸ್ ಬ್ಯುಸಿ’ ಎರರ್‌ಗೆ ‘ಗುರಿ ಕಾರ್ಯನಿರತವಾಗಿದೆ’ ಅಂತ ದಯವಿಟ್ಟು ಬರೆಯಬೇಡಿ. ಓದಿದ ಮಕ್ಕಳಿಗೆ ಮುಂದೇನು ಅಂತ ತಿಳಿಯುವುದಿಲ್ಲ. ‘ಬಳಕೆಯಲ್ಲಿದೆ, ಬಿಚ್ಚಲು ಆಗುತ್ತಿಲ್ಲ’ ಅನ್ನಿ. ಎಷ್ಟೋ ಸಲ ನಾವು ಆಜ್ಞೆ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ಅದೇ ಫೋಲ್ಡರಿನ ಒಳಗೆ ಕೂತಿರುತ್ತದೆ. ಫೋಲ್ಡರ್ ಬದಲಿಸುವ ‘ಸಿಡಿ’ ಆಜ್ಞೆ ಹೊಡೆದು ಆಚೆ ಬಂದರೆ ಬಿಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಯಾವ ಪ್ರೋಗ್ರಾಂ ಹಿಡಿದಿದೆ ಅಂತ ‘ಫ್ಯೂಸರ್’ ಆಜ್ಞೆ ತೋರಿಸುತ್ತದೆ. ‘ಸ್ಟೇಲ್ ಫೈಲ್ ಹ್ಯಾಂಡಲ್’ ಎರರ್‌ಗೆ ‘ಹಳಸಿದ ಗುರುತು’. ಸರ್ವರಿನಲ್ಲಿ ಫೈಲ್ ಅಳಿಸಿಹೋದರೂ ನಮ್ಮ ಕಂಪ್ಯೂಟರ್ ಹಳೇ ಗುರುತನ್ನೇ ಹಿಡಿದಿರುತ್ತದೆ, ಅದಕ್ಕೆ.

ಬಿಚ್ಚುವ ಆಜ್ಞೆಯ ‘ಲೇಜಿ’ ಆಯ್ಕೆಗೆ ‘ಸೋಮಾರಿ’ ಬೇಡವೇ ಬೇಡ. ಅದು ಫೋಲ್ಡರನ್ನು ಆ ಕ್ಷಣವೇ ಕಳಚುತ್ತದೆ. ಹಿಡಿದವರು ಬಿಟ್ಟ ಮೇಲೆ ಉಳಿದದ್ದನ್ನು ಚೊಕ್ಕ ಮಾಡುತ್ತದೆ. ‘ಈಗ ಕಳಚು, ಆಮೇಲೆ ಚೊಕ್ಕ ಮಾಡು’ ಅಂತ ಪೂರ್ತಿ ಬರೆಯಿರಿ, ಜಾಗ ಜಾಸ್ತಿ ಹೋದರೂ ಪರವಾಗಿಲ್ಲ.

ಇನ್ನು, ‘ಸುಮ್ನೆ ಮೌಂಟ್ ಮಾಡು ಅಂತ ಬಿಡಿ’ ಅನ್ನುವವರ ಮಾತು. ಅರ್ಧ ಒಪ್ಪುತ್ತೇನೆ. ಆಜ್ಞೆಯ ಹೆಸರು ಮುಟ್ಟಬಾರದು. ಬಿಚ್ಚುವ ಆಜ್ಞೆ, ನಡುವಿನ ‘ನ್’ ಇಲ್ಲದ ‘ಯುಮೌಂಟ್’ ಹಾಗೇ ಇರಲಿ. ಸರ್ವರ್, ಫೋಲ್ಡರ್ ಕೂಡ ಇರಲಿ. ಆದರೆ ಕ್ರಿಯಾಪದವನ್ನೂ ಸಾಲ ತಂದು ‘ಮಾಡು’ ಹಚ್ಚುತ್ತಾ ಹೋದರೆ ಕನ್ನಡಕ್ಕೆ ‘ಮಾಡು’ ಒಂದೇ ಉಳಿಯುತ್ತದೆ. ‘ಕಡತ’ ನೋಡಿ. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಪುಸ್ತಕಕ್ಕಿದ್ದ ಹೆಸರು. ಇವತ್ತು ಕಚೇರಿಯ ಫೈಲಿಗೂ ಅದೇ ಒಗ್ಗಿದೆ. ‘ಹೂಡು’ವಿಗೆ ಆ ಅವಕಾಶ ಯಾಕೆ ಇರಬಾರದು?

ರಾತ್ರಿ ಹತ್ತರೊಳಗೆ ಕರಡು ಕಳಿಸಿ. ಎರರ್ ಸಂದೇಶಗಳ ಪುಟವನ್ನು ನಾನು ತಿದ್ದಿಕೊಡುತ್ತೇನೆ.