ರಾತ್ರಿ ಹತ್ತಕ್ಕೆ ನೆನಪಾದ ಚಾರ್ಟ್: ಮಕ್ಕಳಿಗೆ ಸಮಯದ ಲೆಕ್ಕ ಕಲಿಸಿದವರ ಅನುಭವಗಳು

ದಾವಣಗೆರೆಯ ತಾಯಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನನ್ನ ಮಗ ಏಳನೇ ಕ್ಲಾಸು, ಮಗಳು ನಾಲ್ಕನೇ ಕ್ಲಾಸು. ನಾನು ಕೆಲಸ ಮುಗಿಸಿ ಮನೆಗೆ ಬರುವಾಗ ಸಂಜೆ ಆರೂಕಾಲು. ಅಲ್ಲಿಂದ ಮಲಗುವವರೆಗೂ ಮನೆಯಲ್ಲಿ ಕೇಳುವುದು ನನ್ನ ದನಿಯೊಂದೇ. "ಹೋಂವರ್ಕ್ ಆಯ್ತಾ? ಬ್ಯಾಗ್ ಜೋಡಿಸಿದ್ಯಾ? ನಾಳೆ ಏನಿದೆ?"

ಹೋದ ಮಂಗಳವಾರ ರಾತ್ರಿ ಹತ್ತಕ್ಕೆ ಮಗ ಬಂದು, "ಅಮ್ಮ, ನಾಳೆ ವಿಜ್ಞಾನದ ಚಾರ್ಟ್ ಕೊಡಬೇಕು" ಅಂದ. ಟೀಚರ್ ಹೇಳಿ ಹತ್ತು ದಿನ ಆಗಿತ್ತಂತೆ. ಅಂಗಡಿಗಳೆಲ್ಲ ಮುಚ್ಚಿದ್ದವು. ಪಕ್ಕದ ಮನೆಯವರ ಬಾಗಿಲು ತಟ್ಟಿ ಒಂದು ಹಳೇ ಚಾರ್ಟ್ ತಂದೆ. ಅದರ ಹಿಂಬದಿಯಲ್ಲಿ ಹನ್ನೆರಡೂವರೆವರೆಗೆ ಇಬ್ಬರೂ ಕೂತು ಬರೆದೆವು.

ಅವನು ಸೋಮಾರಿಯಲ್ಲ. ಆದರೆ ಇಷ್ಟವಾದ ಕೆಲಸ ಹಿಡಿದು ಕೂತರೆ ಉಳಿದದ್ದೆಲ್ಲ ಮರೆತೇ ಹೋಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ನೀವು ಮಕ್ಕಳಿಗೆ ಹೇಗೆ ಕಲಿಸಿದಿರಿ? ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೇನೆ. ನಾಲ್ಕು ದಿನ ನಡೆಯಿತು, ಅಷ್ಟೇ. ದಯವಿಟ್ಟು ನಿಮ್ಮ ಮನೆಯಲ್ಲಿ ನಿಜವಾಗಿ ಏನು ನಡೆಯಿತೋ ಅದನ್ನು ಹೇಳಿ.

ತುಮಕೂರಿನ ತಾಯಿ

ಅಕ್ಕ, ಆ ಟೈಮ್‌ಟೇಬಲ್ ಬರೆದದ್ದು ನೀವೇ ಅಲ್ವಾ? ನಮ್ಮಲ್ಲೂ ಎರಡು ವರ್ಷ ಹೀಗೇ ಆಯಿತು. ನಾನು ಬರೆಯುತ್ತಿದ್ದೆ, ನಾನೇ ನೆನಪಿಸುತ್ತಿದ್ದೆ, ನಾನೇ ಬೈಯುತ್ತಿದ್ದೆ. ಹೇಳುವುದಕ್ಕೆ ಅಮ್ಮ ಇದ್ದಾಳಲ್ಲ ಅಂತ ಮಕ್ಕಳು ತಲೆಗೆ ಹಾಕಿಕೊಳ್ಳಲೇ ಇಲ್ಲ. ಇದು ಗೊತ್ತಾಗಲು ನನಗೆ ತುಂಬಾ ಸಮಯ ಹಿಡಿಯಿತು.

ಮೊದಲು ಬದಲಾಯಿಸಿದ್ದು ಗಡಿಯಾರ. ನಮ್ಮ ಓದುವ ಕೋಣೆಯಲ್ಲಿ ಅಂಕಿ ತೋರಿಸುವ ಡಿಜಿಟಲ್ ಗಡಿಯಾರ ಇತ್ತು. 6:40 ಅಂತ ತೋರಿಸಿದರೆ ಮಗುವಿಗೆ ಅದು ಬರೀ ಒಂದು ಸಂಖ್ಯೆ. ಅದನ್ನು ತೆಗೆದು ದೊಡ್ಡ ಮುಳ್ಳಿನ ಗಡಿಯಾರ ಹಾಕಿದೆವು. ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ಹಸಿರು ಗೆರೆ ಎಳೆದು, "ದೊಡ್ಡ ಮುಳ್ಳು ಇಲ್ಲಿಂದ ಇಲ್ಲಿಗೆ ಬರುವವರೆಗೆ ಗಣಿತ" ಅಂದೆ. ಇನ್ನೆಷ್ಟು ಉಳಿದಿದೆ ಅನ್ನುವುದು ಆಗ ಕಣ್ಣಿಗೆ ಕಾಣುತ್ತದೆ. ಚಿಕ್ಕವಳು ಆಗ ಮೂರನೇ ಕ್ಲಾಸು. ಒಂದೇ ವಾರದಲ್ಲಿ ತಾನೇ ಗೆರೆ ಎಳೆಯಲು ಶುರು ಮಾಡಿದಳು.

ಎರಡನೆಯದು ಅಂದಾಜಿನ ಆಟ. ಕೆಲಸ ಶುರು ಮಾಡುವ ಮೊದಲು "ಇದಕ್ಕೆ ಎಷ್ಟು ನಿಮಿಷ ಬೇಕು ಹೇಳು ನೋಡೋಣ" ಅಂತ ಕೇಳುವುದು. ಅವಳ ಅಂದಾಜು ಬರೆದುಕೊಳ್ಳುವುದು. ಮುಗಿದ ಮೇಲೆ ನಿಜವಾಗಿ ಎಷ್ಟಾಯಿತು ಅಂತ ಪಕ್ಕದಲ್ಲಿ ಬರೆಯುವುದು. ದೊಡ್ಡವಳು ಕಾಪಿರೈಟಿಂಗ್‌ಗೆ 10 ನಿಮಿಷ ಅಂದಳು, 35 ಹಿಡಿಯಿತು. ಲೆಕ್ಕಕ್ಕೆ ಒಂದು ಗಂಟೆ ಅಂತ ಹೆದರಿದ್ದಳು, ಇಪ್ಪತ್ತೇ ನಿಮಿಷದಲ್ಲಿ ಮುಗಿಯಿತು! ಲೆಕ್ಕವನ್ನು ಮುಂದೂಡುತ್ತಿದ್ದದ್ದು ಯಾಕೆ ಅಂತ ನನಗೂ ಅವಳಿಗೂ ಅವತ್ತೇ ಗೊತ್ತಾಗಿದ್ದು.

ಅಂದಾಜು ತಪ್ಪುವುದು ಮಕ್ಕಳಿಗೆ ಮಾತ್ರ ಅಲ್ಲ. 1994ರಲ್ಲಿ ಪ್ರಕಟವಾದ ಕೆನಡಾದ ಸಂಶೋಧನೆಯೊಂದರಲ್ಲಿ ಡಿಗ್ರಿ ವಿದ್ಯಾರ್ಥಿಗಳನ್ನು ಪ್ರಬಂಧ ಯಾವಾಗ ಮುಗಿಸುತ್ತೀರಿ ಎಂದು ಕೇಳಿದ್ದರು. ಅವರು ಹೇಳಿದ್ದು ಸರಾಸರಿ 34 ದಿನ. ಹಿಡಿದದ್ದು 55 ದಿನಕ್ಕೂ ಜಾಸ್ತಿ. ಅಷ್ಟು ದೊಡ್ಡವರಿಗೇ ಹೀಗಾದರೆ ಹನ್ನೆರಡು ವರ್ಷದ ಹುಡುಗನನ್ನು ಬೈದು ಏನು ಪ್ರಯೋಜನ? ಅಳೆದು ಅಳೆದು ತಾನೇ ಕಲಿಯಬೇಕು.

ಇನ್ನು ಚಾರ್ಟ್ ವಿಷಯ. ಭಾನುವಾರ ಸಂಜೆ ಕಾಫಿ ಹೊತ್ತಿಗೆ ನಾವು ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಕೂರುತ್ತೇವೆ. ಹದಿನೈದು ನಿಮಿಷ ಸಾಕು. ಹತ್ತು ದಿನ ಮುಂದಿನ ಬುಧವಾರ ಚಾರ್ಟ್ ಕೊಡಬೇಕು ಅಂದರೆ ಕ್ಯಾಲೆಂಡರಿನ ಬುಧವಾರದ ಚೌಕದಲ್ಲಿ ಬರೆದು ಬಿಡುವುದಲ್ಲ. ಅಲ್ಲಿಂದ ಹಿಂದಕ್ಕೆ ಎಣಿಸುತ್ತೇವೆ. ಮಂಗಳವಾರ ಬಣ್ಣ, ಸೋಮವಾರ ಪೆನ್ಸಿಲ್‌ನಲ್ಲಿ ಚಿತ್ರ, ಭಾನುವಾರ ವಿಷಯ ಓದುವುದು, ಶನಿವಾರ ಅಂಗಡಿಯಿಂದ ಶೀಟ್ ತರುವುದು. ಕೊನೆಯ ದಿನಕ್ಕಿಂತ ಅಂಗಡಿಗೆ ಹೋಗುವ ದಿನವೇ ಮುಖ್ಯ. ಬರೆಯುವುದು ಮಗು, ಅಮ್ಮ ಅಲ್ಲ. ಇದೊಂದನ್ನು ಬಿಡಬೇಡಿ.

ಶಿವಮೊಗ್ಗದ ತಂದೆ

ಮೇಲೆ ಮೇಡಂ ಹೇಳಿದ್ದು ಸರಿ. ಆದರೆ ಅದಕ್ಕೂ ಮೊದಲು ಒಂದು ಲೆಕ್ಕ ಹಾಕಬೇಕು. ಮಗುವಿನ ಕೈಯಲ್ಲಿ ಸಮಯ ಇದೆಯಾ?

ನನ್ನ ಮಗ ಆರನೇ ಕ್ಲಾಸಿನಲ್ಲಿದ್ದಾಗ ದಿನಾ ಹೋಂವರ್ಕ್ ಬಾಕಿ ಉಳಿಯುತ್ತಿತ್ತು. ಒಂದು ಸಂಜೆ ಇಬ್ಬರೂ ಹಾಳೆ ಹಿಡಿದು ಕೂತೆವು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ದೆಯ ತಜ್ಞರು. ಅವನು ಏಳುವುದು ಆರೂಕಾಲಿಗೆ. ಕಡಿಮೆ ಅಂದರೂ ಒಂಬತ್ತೂಕಾಲಿಗೆ ಮಲಗಬೇಕು. ಶಾಲೆಯಿಂದ ಬರುವುದು ನಾಲ್ಕೂವರೆಗೆ. ನಡುವೆ ಇರುವುದು 285 ನಿಮಿಷ. ಕೈಕಾಲು ತೊಳೆದು ತಿಂಡಿ ತಿನ್ನಲು 45, ಆಟ 60, ಹೋಗಿಬರುವುದು ಸೇರಿ ಟ್ಯೂಷನ್ 90, ಊಟ 45. ಉಳಿದದ್ದು ಬರೀ 45 ನಿಮಿಷ. ವಾರಕ್ಕೆ ಎರಡು ದಿನ ಒಂದು ಗಂಟೆ ಕೀಬೋರ್ಡ್ ಕ್ಲಾಸ್ ಬೇರೆ. ಆ ದಿನ 15 ನಿಮಿಷ ಸಾಲ.

ಆ ಹಾಳೆ ನೋಡಿ ನನಗೆ ಬೇಜಾರಾಯಿತು. ಒಂದು ವರ್ಷ ಸುಮ್ನೆ ಅವನನ್ನು ಬೈದಿದ್ದೆ. ಅವನಿಗೆ ಆದ್ಯತೆ ಕಲಿಸಬೇಕು ಅಂತ ಓಡಾಡುತ್ತಿದ್ದ ನಾನು, ನಮ್ಮ ಮನೆಯಲ್ಲಿ ಯಾವುದು ಮುಖ್ಯ ಅಂತ ತೀರ್ಮಾನ ಮಾಡಿರಲೇ ಇಲ್ಲ. ಯಾವುದನ್ನು ಬಿಡೋಣ ಅಂತ ಅವನನ್ನೇ ಕೇಳಿದೆ. ಆಟ ಬಿಡಲ್ಲ ಅಂದ. ಕೀಬೋರ್ಡ್ ಇಷ್ಟ ಅಂದ. ಟ್ಯೂಷನ್ ಬೇಡ, ಗಣಿತ ಮಾತ್ರ ನೀವು ಹೇಳಿಕೊಡಿ ಅಂದ. ನನಗೆ ಧೈರ್ಯ ಬರಲಿಲ್ಲ. ಆದರೂ ಮೂರು ತಿಂಗಳು ನೋಡೋಣ ಅಂತ ಒಪ್ಪಿದೆ. ಮತ್ತೆ ಟ್ಯೂಷನ್‌ಗೆ ಕಳಿಸಲಿಲ್ಲ.

ಫೋನ್ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಅಲ್ಲಿ ಮಗುವಿನ ಆಯ್ಕೆ ಅಂತ ಬಿಟ್ಟರೆ ಆಗುವುದಿಲ್ಲ. ದೊಡ್ಡವರಿಗೇ ಅದನ್ನು ಕೆಳಗಿಡಲು ಆಗುವುದಿಲ್ಲ. ಎಂಟಕ್ಕೆ ಮನೆಯವರೆಲ್ಲರ ಫೋನ್ ಟಿವಿ ಪಕ್ಕದ ಬುಟ್ಟಿಗೆ. ನನ್ನದೂ.

ಹಾಸನ ಜಿಲ್ಲೆಯ ನಿವೃತ್ತ ಶಿಕ್ಷಕಿ

ನೋಡಮ್ಮ, ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಒಂದು ಮಾತು ಹೇಳುತ್ತೇನೆ. ಹಳ್ಳಿ ಮಕ್ಕಳಲ್ಲಿ ಡೇರಿಗೆ ಹಾಲು ಹಾಕುವ ಕೆಲಸ ಯಾರಿಗಿತ್ತೋ ಅವರಿಗೆ ನಾನು ಸಮಯ ಕಲಿಸಬೇಕಾಗಲಿಲ್ಲ. ಡೇರಿ ಕಾಯುವುದಿಲ್ಲ. ಹೊತ್ತು ಮೀರಿದರೆ ಹಾಲು ಮನೆಗೇ ವಾಪಸ್. ಹುಡುಗ ಆಟದ ನಡುವೆ ನೆರಳು ನೋಡಿ ಎದ್ದು ಓಡುತ್ತಿದ್ದ. ಯಾರೂ ಕೂಗುತ್ತಿರಲಿಲ್ಲ. ಕೆಲಸ ನಿಜವಾದದ್ದು, ಅವನನ್ನು ನಂಬಿ ಕೊಟ್ಟದ್ದು. ಅದಕ್ಕೇ ಅವನಿಗೆ ಎಚ್ಚರ.

ಪಟ್ಟಣದ ಮನೆಯಲ್ಲಿ ಹಸು ಇಲ್ಲ, ನಿಜ. ಆದರೆ ದಿನಾ ಹೊತ್ತಿಗೆ ಸರಿಯಾಗಿ ಆಗಲೇಬೇಕಾದ ಒಂದು ಕೆಲಸ ಮಗುವಿಗೆ ಪೂರ್ತಿ ಬಿಟ್ಟುಕೊಡಿ. ನೀರು ಬಿಡುವ ದಿನ ಡ್ರಮ್ ತುಂಬಿಸುವುದು, ತಾತನಿಗೆ ಮಾತ್ರೆ ನೆನಪಿಸುವುದು, ರಾತ್ರಿ ಉದ್ದು ನೆನೆಹಾಕುವುದು. ಮಾತ್ರೆಗೆ ಮಾತ್ರ ದೊಡ್ಡವರ ಕಣ್ಣು ಇರಲಿ. ಉಳಿದದ್ದರಲ್ಲಿ ತಪ್ಪಿದರೆ ತಪ್ಪಲಿ. ಬೆಳಗ್ಗೆ ದೋಸೆ ಇಲ್ಲದೆ ಉಪ್ಪಿಟ್ಟು ತಿಂದರೆ ಮುಂದಿನ ಸಲ ತಾನೇ ನೆನಪಿಡುತ್ತಾನೆ.

ಚಿಕ್ಕ ಮಕ್ಕಳಿಗೆ ಇದೆಲ್ಲ ಆಗುತ್ತದಾ ಅಂತ ಕೇಳುವವರಿಗೆ ನಲಿ-ಕಲಿ ತರಗತಿ ತೋರಿಸಬೇಕು ಅನ್ನಿಸುತ್ತದೆ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು, ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ಬಂದು ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆ ಅಂತ ಏಣಿಯಲ್ಲಿ ನೋಡಿಕೊಳ್ಳುತ್ತದೆ. ಅದೇ ಚಿತ್ರದ ಗುರುತಿರುವ ಕಾರ್ಡ್ ಹುಡುಕಿ ತೆಗೆಯುತ್ತದೆ. ಸರಿಯಾದ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಗುಂಪು, ಒಟ್ಟು ಐದು. ಮೊದಲನೆಯದರಲ್ಲಿ ಟೀಚರ್ ಜೊತೆಗಿರುತ್ತಾರೆ, ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಆರು ವರ್ಷದ ಮಗು "ಮಿಸ್, ಇದು ಮುಗೀತು, ಮುಂದಿನದು ಇದು" ಅನ್ನುವುದನ್ನು ನಾನು ದಿನಾ ಕೇಳಿದ್ದೇನೆ. ಮಗುವಿಗೆ ದಾರಿ ಕಾಣುತ್ತಿತ್ತು. ತಾನು ಎಲ್ಲಿದ್ದೇನೆ ಅನ್ನುವುದೂ ಗೊತ್ತಿತ್ತು.

ನಿಮ್ಮ ನಾಲ್ಕನೇ ಕ್ಲಾಸಿನ ಮಗಳಿಗೂ ಅಷ್ಟೇ ಮಾಡಿ. ಒಂದು ದಾರ ಕಟ್ಟಿ. ಮಾಡಬೇಕಾದ ಕೆಲಸಗಳನ್ನು ಚೀಟಿಯಲ್ಲಿ ಬರೆದು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಲಿ. ಮುಗಿದ ಚೀಟಿ ತೆಗೆದು ಡಬ್ಬಿಗೆ ಹಾಕಲಿ. ಮೂರು ಚೀಟಿ ಸಾಕು. ಯಾವ ಚೀಟಿ ಮೊದಲು ಅಂತ ಅವಳೇ ಜೋಡಿಸಲಿ. ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ: "ಇವತ್ತು ಇದನ್ನು ಮಾಡದಿದ್ದರೆ ನಾಳೆ ಏನಾಗುತ್ತೆ?" ಏನೂ ಆಗಲ್ಲ ಅಂದರೆ ಅದು ಕಾಯಬಹುದು. ಟೆಸ್ಟ್ ಇದೆ ಅಂದರೆ ಅವಳೇ ಚೀಟಿ ಮುಂದಕ್ಕೆ ತರುತ್ತಾಳೆ.

ಹೋಂವರ್ಕ್ ವಿಪರೀತ ಇದ್ದರೆ ಶಾಲೆಗೆ ಹೋಗಿ ಮೆತ್ತಗೆ ಮಾತಾಡಿ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಇದಕ್ಕೂ ಮಿತಿ ಹೇಳಿದ್ದಾರೆ. ಎರಡನೇ ತರಗತಿವರೆಗೆ ಹೋಂವರ್ಕ್ ಬೇಡ. ಮೂರರಿಂದ ಐದಕ್ಕೆ ವಾರಕ್ಕೆ ಎರಡು ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ. ನಿಮ್ಮ ಮಗಳಿಗೆ ದಿನಾ ಎರಡು ಗಂಟೆ ಹಿಡಿಯುತ್ತಿದ್ದರೆ ತಪ್ಪು ಅವಳದ್ದಲ್ಲ.

ಬೆಂಗಳೂರಿನ ಪದವಿ ವಿದ್ಯಾರ್ಥಿನಿ

ನಾನು ತಾಯಿ ಅಲ್ಲ, ಇನ್ನೂ ಓದುತ್ತಿದ್ದೇನೆ. ಮಕ್ಕಳ ಕಡೆಯಿಂದ ಒಂದು ಮಾತು ಹೇಳಬೇಕು ಅನ್ನಿಸಿತು.

ಎಸ್ಸೆಸ್ಸೆಲ್ಸಿ ಪ್ರಿಪರೇಟರಿಯ ವಿಜ್ಞಾನ ಪತ್ರಿಕೆಯಲ್ಲಿ ನಾನು ಒಂದೇ ಚಿತ್ರಕ್ಕೆ 25 ನಿಮಿಷ ಕೊಟ್ಟಿದ್ದೆ. ಚಿತ್ರ ತುಂಬಾ ಚೆನ್ನಾಗಿ ಬಂತು. ಕೊನೆಯ ಮೂರು ಪ್ರಶ್ನೆ ಮುಟ್ಟಲೇ ಇಲ್ಲ. ಉತ್ತರ ಬರುತ್ತಿತ್ತು, ಅದಕ್ಕೇ ಮನೆಗೆ ಬಂದು ಅತ್ತೆ. ಅಪ್ಪ ಒಂದು ಸಣ್ಣ ಭಾಗಾಕಾರ ಮಾಡಿಸಿದರು. 80 ಅಂಕ, ಬರೆಯಲು ಮೂರು ಗಂಟೆ. ಪ್ರಶ್ನೆ ಓದಿಕೊಳ್ಳುವ 15 ನಿಮಿಷ ಬೇರೆ. ಅಂದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ನಾಲ್ಕು ಅಂಕದ ಪ್ರಶ್ನೆಗೆ 9 ನಿಮಿಷ. ಅದನ್ನು ಜಾಮಿಟ್ರಿ ಬಾಕ್ಸಿನ ಮುಚ್ಚಳದ ಒಳಗೆ ಬರೆದು ಅಂಟಿಸಿಕೊಂಡು ಮನೆಯಲ್ಲಿ ಹಳೇ ಪತ್ರಿಕೆಗಳನ್ನು ಬಿಡಿಸಿದೆ.

ಓದುವುದನ್ನೂ ಮೂರು ಗುಡ್ಡೆ ಮಾಡಿದೆ. ಚೆನ್ನಾಗಿ ಬರುವ ಪಾಠ, ಅರ್ಧ ಬರುವ ಪಾಠ, ಏನೂ ಬಾರದ ಪಾಠ. ನಾನು ಯಾವಾಗಲೂ ಬರುವ ಪಾಠವನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ಯಾಕೆಂದರೆ ಅದು ಖುಷಿ ಕೊಡುತ್ತಿತ್ತು. ಅರ್ಧ ಬರುವ ಗುಡ್ಡೆಗೆ ಬೆಳಗಿನ ಹೊತ್ತು ಕೊಟ್ಟಾಗ ಅಂಕ ಏರಿತು.

ಆಂಟಿ, ಇನ್ನೊಂದು. ನಿಮ್ಮ ಮಗ ರಾತ್ರಿ ಹತ್ತಕ್ಕೆ ಹೇಳಿದ್ದು ಮರೆತಿದ್ದಕ್ಕೇ ಇರಬೇಕು ಅಂತಿಲ್ಲ. ನಾನು ಎಷ್ಟೋ ಸಲ ನೆನಪಿದ್ದೂ ಹೇಳುತ್ತಿರಲಿಲ್ಲ. ಅಮ್ಮ ಸುಸ್ತಾಗಿ ಬಂದಿರುತ್ತಿದ್ದರು, ಬೈಸಿಕೊಳ್ಳಲು ಭಯ ಆಗುತ್ತಿತ್ತು. ಮೊದಲೇ ಹೇಳಿದ ದಿನ ಬೈಗುಳ ಬೀಳದಿದ್ದರೆ ಮುಂದೆಯೂ ಮೊದಲೇ ಹೇಳುತ್ತಾನೆ.

ಮೈಸೂರಿನ ತಾಯಿ

ಇಷ್ಟೆಲ್ಲ ಮಾಡಿದರೂ ಆಗದ ಮಕ್ಕಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಮಗ ಚೀಟಿ, ಕ್ಯಾಲೆಂಡರ್, ಗಡಿಯಾರ ಎಲ್ಲ ಇದ್ದರೂ ಅರ್ಧ ದಾರಿಯಲ್ಲಿ ಕಳೆದುಹೋಗುತ್ತಿದ್ದ. ಮನೆಯಲ್ಲಿ, ಶಾಲೆಯಲ್ಲಿ, ಆಟದಲ್ಲಿ, ಎಲ್ಲ ಕಡೆ. ಮಕ್ಕಳ ಮಾನಸಿಕ ತಜ್ಞರಿಗೆ ತೋರಿಸಿದಾಗ ಎಡಿಎಚ್‌ಡಿ ಅಂದರು, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ. ಅವನು ಬೇಕಂತ ಮಾಡುತ್ತಿಲ್ಲ ಅಂತ ತಿಳಿದ ದಿನ ನಮ್ಮ ಮನೆಯ ಜಗಳ ಅರ್ಧ ನಿಂತಿತು. ಈಗ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತೇವೆ. ಹತ್ತು ನಿಮಿಷ ಕೆಲಸ, ಮೂರು ನಿಮಿಷ ಓಡಾಟ. ಸಂದೇಹ ಇದ್ದವರು ಹಿಂಜರಿಯಬೇಡಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ವಿಭಾಗ ಇದೆ.

ದಾವಣಗೆರೆಯ ತಾಯಿ, ಐದು ವಾರದ ನಂತರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಎಲ್ಲ ಮಾಡಲು ಆಗಲಿಲ್ಲ.

ಮಗಳ ದಾರ, ಕ್ಲಿಪ್ಪು ಚೆನ್ನಾಗಿ ನಡೆಯುತ್ತಿದೆ. ಮೊನ್ನೆ "ಅಜ್ಜಿಗೆ ಫೋನ್" ಅಂತ ತಾನೇ ಚೀಟಿ ಬರೆದು ಮೊದಲಿಗೆ ಸಿಕ್ಕಿಸಿದ್ದಳು. ಮಗನ ಅಂದಾಜಿನ ಆಟ ಮೂರನೇ ವಾರಕ್ಕೆ ಬೇಸರ ಬಂತು, ನಿಲ್ಲಿಸಿದೆವು. ಆದರೆ ಅಷ್ಟರಲ್ಲಿ ಸಮಾಜದ ನೋಟ್ಸ್‌ಗೆ ತನಗೆ 40 ನಿಮಿಷ ಬೇಕು ಅಂತ ಅವನಿಗೆ ಗೊತ್ತಾಗಿತ್ತು.

ನನಗೆ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡಿರುವುದು. ಎರಡನೇ ವಾರ ಅವನು ಹಿಂದಿ ನೋಟ್‌ಬುಕ್ ಇಡಲು ಮರೆತಿದ್ದ. ಬ್ಯಾಗಿನ ಪಕ್ಕದಲ್ಲೇ ಬಿದ್ದಿದ್ದನ್ನು ನಾನು ನೋಡಿದ್ದೆ. ಕೈ ಹೋಯಿತು, ತಡೆದುಕೊಂಡೆ. ಇಡೀ ದಿನ ಆಫೀಸಿನಲ್ಲಿ ಸಮಾಧಾನ ಇರಲಿಲ್ಲ. ಸಂಜೆ ಬಂದು, "ಇವತ್ತು ನಿಂತಿದ್ದೆ ಅಮ್ಮ" ಅಂದ. ಸರಿ ಕಂದ, ತಿಂಡಿ ತಿನ್ನು ಅಂದೆ. ಆಮೇಲೆ ರಾತ್ರಿಯೇ ಬ್ಯಾಗ್ ಜೋಡಿಸಲು ಶುರು ಮಾಡಿದ್ದಾನೆ. ದಿನಾ ಅಲ್ಲ. ವಾರಕ್ಕೆ ನಾಲ್ಕು ದಿನ.

ಬೆಂಗಳೂರಿನ ಹುಡುಗಿ ಹೇಳಿದ ಮಾತು ಮನಸ್ಸಿಗೆ ನಾಟಿತು. ಮಗನನ್ನು ಕೇಳಿದೆ. ಆ ಚಾರ್ಟ್ ಅವನಿಗೆ ಶನಿವಾರವೇ ನೆನಪಿತ್ತಂತೆ.

ಇವತ್ತು ಗುರುವಾರ. ಈಗಷ್ಟೇ ಅಡುಗೆಮನೆಗೆ ಬಂದು ಚಾರ್ಟ್ ಶೀಟಿಗೆ ದುಡ್ಡು ಕೇಳಿದ. ಕೊಡಬೇಕಾದದ್ದು ಬರುವ ಬುಧವಾರಕ್ಕಂತೆ.