ರೊಮೇನಿಯಾದಲ್ಲಿ ಚುನಾವಣೆ ರದ್ದು ಮಾಡಿದ್ದು ಸರಿಯೇ?

ಶರಾವತಿ:
2024ರ ನವೆಂಬರ್ 24ರಂದು ರೊಮೇನಿಯಾದಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು ನಡೆಯಿತು. ಯಾವ ಪಕ್ಷಕ್ಕೂ ಸೇರದ ಕೆಲಿನ್ ಜಾರ್ಜೆಸ್ಕು ಸುಮಾರು ಶೇ 23ರಷ್ಟು ಮತ ಪಡೆದು ಮೊದಲ ಸ್ಥಾನಕ್ಕೆ ಬಂದರು. ಪ್ರಚಾರಕ್ಕೆ ಏನೂ ಖರ್ಚು ಮಾಡಿಲ್ಲ ಅಂತ ಲೆಕ್ಕ ಕೊಟ್ಟಿದ್ದರು. ಅವರ ಹೆಸರು ಹಬ್ಬಿದ್ದೇ ಟಿಕ್‌ಟಾಕ್‌ನಲ್ಲಿ. ಡಿಸೆಂಬರ್ 6ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ, ಪ್ರಚಾರದಲ್ಲಿ ಅಕ್ರಮ ನಡೆದಿದೆ ಅಂತ ಇಡೀ ಚುನಾವಣೆಯನ್ನು ರದ್ದು ಮಾಡಿತು. ಎರಡನೇ ಸುತ್ತಿಗೆ ಇನ್ನೆರಡೇ ದಿನ ಇತ್ತು. ಹೊರದೇಶದಲ್ಲಿರುವವರು ಆಗಲೇ ಮತ ಹಾಕುತ್ತಿದ್ದರು. ನನಗಂತೂ ಇದು ತಪ್ಪು ಅನಿಸುತ್ತದೆ. ಜನ ವಿಡಿಯೊ ನೋಡಿ ಮತ ಹಾಕಿದರೆ ಅದು ಮತ ಅಲ್ವಾ?

ಹಳೇ ಪೇಪರ್ ಓದುಗ:
ಮತವೇ. ಆದರೆ ಆ ವಿಡಿಯೊಗಳ ಹಿಂದೆ ಯಾರಿದ್ದರು ಅನ್ನೋದು ಮುಖ್ಯ. ಡಿಸೆಂಬರ್ 4ರಂದು ಬಹಿರಂಗವಾದ ಗುಪ್ತಚರ ವರದಿಗಳ ಪ್ರಕಾರ, ಮತದಾನಕ್ಕೆ ಎರಡು ವಾರ ಇರುವಾಗ ಸುಮಾರು 25,000 ಟಿಕ್‌ಟಾಕ್ ಖಾತೆಗಳು ಒಮ್ಮೆಲೇ ಚುರುಕಾದವು. ರೊಮೇನಿಯಾದಲ್ಲಿ ಪ್ರಚಾರದ ವಿಡಿಯೊ ಮೇಲೆ ಒಂದು ಸಂಕೇತ ಸಂಖ್ಯೆ ಇರಬೇಕು, ದುಡ್ಡು ಯಾರದು ಅಂತ ಅದರಿಂದ ತಿಳಿಯುತ್ತದೆ. ಇವರ ವಿಡಿಯೊಗಳಿಗೆ ಅದು ಇರಲಿಲ್ಲ. ಬೇರೆ ಅಭ್ಯರ್ಥಿಗಳು ನಿಯಮ ಪಾಲಿಸಿ ಸೋತರೆ ಅದು ನ್ಯಾಯವೇ?

ಕಡಲೂರ ಹುಡುಗಿ:
ಓದುಗ ಸರ್, ಅದಕ್ಕೂ ಹತ್ತು ವರ್ಷ ಹಿಂದೆ ಹೋಗಿ. 2014ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಆಗಿನ ಪ್ರಧಾನಿ ವಿಕ್ಟರ್ ಪೊಂಟಾ ತುಂಬಾ ಮುಂದಿದ್ದರು. ಪ್ಯಾರಿಸ್, ಲಂಡನ್‌ನ ಮತಗಟ್ಟೆಗಳಲ್ಲಿ ರೊಮೇನಿಯನ್ನರು ಗಂಟೆಗಟ್ಟಲೆ ಕ್ಯೂ ನಿಂತರೂ ಮತ ಹಾಕಲಾಗದೆ ವಾಪಸ್ ಹೋದರು. ಆ ಚಿತ್ರಗಳು ಫೇಸ್‌ಬುಕ್‌ನಲ್ಲಿ ಹರಡಿ ಜನ ಬೀದಿಗಿಳಿದರು, ಕೊನೆಗೆ ಪೊಂಟಾ ಎದುರಾಳಿ ಕ್ಲಾಸ್ ಯೊಹಾನಿಸ್ ಗೆದ್ದರು. ಆಗ ಎಲ್ಲರೂ ಇದನ್ನು ಪ್ರಜಾಪ್ರಭುತ್ವದ ಗೆಲುವು ಅಂದರು. ನಮಗೆ ಇಷ್ಟವಾದವರು ಗೆದ್ದರೆ ಜನಶಕ್ತಿ, ಇಲ್ಲದಿದ್ದರೆ ಪಿತೂರಿ ಅನ್ನೋದು ಸರಿಯಲ್ಲ.

ಹಳೇ ಪೇಪರ್ ಓದುಗ:
ಎರಡೂ ಒಂದೇ ಅಲ್ಲಮ್ಮ. ಆ ಕ್ಯೂ ನಿಜವಾಗಿ ಇತ್ತು, ನಿಂತವರು ನಿಜವಾದ ಜನ. ಯೊಹಾನಿಸ್ ಯಾವ ಪಕ್ಷ, ಏನು ಮಾಡಿದ್ದರು ಅಂತ ಎಲ್ಲರಿಗೂ ಗೊತ್ತಿತ್ತು.

ಬುಕಾರೆಸ್ಟ್ ಕನ್ನಡಿಗ:
ನಾನು ಇಲ್ಲಿ ಕೆಲಸಕ್ಕಿದ್ದೇನೆ. ಸ್ವಲ್ಪ ಹಿಂದಿನಿಂದ ಹೇಳ್ತೀನಿ, ಇಲ್ಲದಿದ್ದರೆ ಇಲ್ಲಿನವರ ಸಿಟ್ಟು ಅರ್ಥವಾಗಲ್ಲ.

ಸರ್ವಾಧಿಕಾರಿ ಚೌಷೆಸ್ಕು ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಟಿವಿ ದಿನಕ್ಕೆ ಎರಡೇ ಗಂಟೆ ಬರುತ್ತಿತ್ತು. ಅದರಲ್ಲೂ ಜಾಸ್ತಿ ಅವನದೇ ಗುಣಗಾನ. ಬುಕಾರೆಸ್ಟ್‌ನ ಜನ ಮನೆ ಮೇಲೆ ಆಂಟೆನಾ ಕಟ್ಟಿ ಬಲ್ಗೇರಿಯಾದ ಟಿವಿ ನೋಡುತ್ತಿದ್ದರು. ಭಾಷೆ ಬರದಿದ್ದರೂ ಪರವಾಗಿಲ್ಲ, ಫುಟ್‌ಬಾಲ್, ಸಿನಿಮಾ ಸಿಕ್ಕರೆ ಸಾಕಿತ್ತು. 1989ರ ಡಿಸೆಂಬರ್ 21ರಂದು ಅವನ ಭಾಷಣ ನೇರ ಪ್ರಸಾರವಾಗುತ್ತಿದ್ದಾಗ ಗುಂಪು ಕೂಗಾಡಿತು. ಅವನ ಮುಖದ ಗಾಬರಿಯನ್ನು ಇಡೀ ದೇಶ ನೋಡಿತು. ಮಾರನೇ ದಿನ ಜನ ಟಿವಿ ಕೇಂದ್ರಕ್ಕೇ ನುಗ್ಗಿ ಕ್ಯಾಮೆರಾ ಮುಂದೆ ನಿಂತರು.

ಆಮೇಲೆ ಖಾಸಗಿ ಚಾನೆಲ್‌ಗಳು ಬಂದವು, ಮಾಲೀಕರು ದುಡ್ಡಿದ್ದವರು, ರಾಜಕೀಯದವರು. 'ಆಂಟೆನಾ' ಅನ್ನೋ ಹೆಸರಿನ ಚಾನೆಲ್‌ಗಳನ್ನು ಕಟ್ಟಿದ ಡಾನ್ ವೊಯ್ಕುಲೆಸ್ಕು ಅಕ್ರಮ ಹಣದ ಪ್ರಕರಣದಲ್ಲಿ 2014ರಲ್ಲಿ ಜೈಲಿಗೆ ಹೋದರು. ಸರ್ಕಾರದ ಟಿವಿಯನ್ನು ನಂಬಲಾಗಲಿಲ್ಲ, ಸಾಹುಕಾರರ ಟಿವಿಯನ್ನೂ ನಂಬಲಾಗಲಿಲ್ಲ. ಆಗ ಕೈಗೆ ಫೋನ್ ಬಂತು. ಅದರಲ್ಲಿ ಒಬ್ಬ ಮನುಷ್ಯ ನೇರವಾಗಿ ನಿಮ್ಮನ್ನೇ ನೋಡಿ ಮಾತಾಡಿದರೆ ಮನಸ್ಸು ಕರಗದೆ ಇರುತ್ತಾ?

ಕಡಲೂರ ಹುಡುಗಿ:
ಇದನ್ನೇ ನಾನು ಹೇಳುತ್ತಿದ್ದೆ. ಇನ್ನೊಂದು ವಿಷಯ. ಜಾರ್ಜೆಸ್ಕುಗೆ ನೆರವಾದ ಒಂದು ಹ್ಯಾಷ್‌ಟ್ಯಾಗ್ ಪ್ರಚಾರಕ್ಕೆ ದುಡ್ಡು ಕೊಟ್ಟದ್ದು ಆಳುವ ಕೂಟದಲ್ಲಿದ್ದ ನ್ಯಾಷನಲ್ ಲಿಬರಲ್ ಪಕ್ಷವೇ ಅಂತ ಅಲ್ಲಿನ ಪತ್ರಕರ್ತರು ತೆರಿಗೆ ಇಲಾಖೆಯ ತನಿಖೆ ಆಧರಿಸಿ ಬರೆದರು. ತಮ್ಮ ಪ್ರಚಾರವನ್ನು ಬೇರೆಯವರು ತಿರುಗಿಸಿಕೊಂಡರು ಅಂತ ಪಕ್ಷ ಹೇಳಿತು. ಎಲ್ಲ ತಪ್ಪನ್ನೂ ರಷ್ಯಾದಂಥ ಹೊರಗಿನವರ ಮೇಲೆ ಹಾಕಲು ಆಗಲ್ಲ.

ಹಳೇ ಪೇಪರ್ ಓದುಗ:
ಅದನ್ನು ಒಪ್ಪುತ್ತೇನೆ. ಆದರೆ ಅದು ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಕೊಟ್ಟ ಪಕ್ಷಕ್ಕೇ ತನ್ನ ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತಾಗಲಿಲ್ಲ ಅಂದ್ರೆ, ಫೋನ್ ನೋಡುವ ರೈತನಿಗೆ ಹೇಗೆ ಗೊತ್ತಾಗಬೇಕು?

ಶರಾವತಿ:
ಹಾಗಾದ್ರೆ ದುಡ್ಡಿನ ಜಾಡು ಹಿಡಿದು ಕೇಸ್ ಹಾಕಲಿ. ಬರೀ ಗುಪ್ತಚರ ವರದಿ ಆಧರಿಸಿ ಚುನಾವಣೆ ರದ್ದು ಮಾಡಬಾರದು ಅಂತ ಸಂವಿಧಾನದ ವಿಷಯಗಳಲ್ಲಿ ಸಲಹೆ ಕೊಡುವ ಯುರೋಪಿನ ವೆನಿಸ್ ಆಯೋಗ 2025ರ ಜನವರಿಯಲ್ಲಿ ಹೇಳಿತು. ಸಾಕ್ಷ್ಯ ಜನರ ಮುಂದೆ ಬರಬೇಕು. ಮುಚ್ಚಿದ ಕಡತ ತೋರಿಸಿ "ನಮ್ಮನ್ನು ನಂಬಿ" ಅಂದರೆ, ಅಷ್ಟು ವರ್ಷ ರಹಸ್ಯ ಪೊಲೀಸರ ಕಾಟ ಅನುಭವಿಸಿದ ದೇಶದಲ್ಲಿ ಯಾರು ನಂಬ್ತಾರೆ?

ಬುಕಾರೆಸ್ಟ್ ಕನ್ನಡಿಗ:
ಶರಾವತಿ ಅವರೇ, ಈ ಮಾತು ನೂರಕ್ಕೆ ನೂರು ನಿಜ. ಮತ್ತೆ ಚುನಾವಣೆ ಮಾಡಿದಾಗ ಜಾರ್ಜೆಸ್ಕುಗೆ ನಿಲ್ಲಲು ಬಿಡಲಿಲ್ಲ. 2025ರ ಮೇ 4ರಂದು ಅವರ ಜಾಗದಲ್ಲಿ, ಅವರನ್ನು ಬೆಂಬಲಿಸಿದ್ದ ಬಲಪಂಥೀಯ ನಾಯಕ ಜಾರ್ಜ್ ಸಿಮಿಯೊನ್ ಶೇ 41ರಷ್ಟು ಮತ ಪಡೆದರು. ಸಿಟ್ಟು ಜಾಸ್ತಿಯೇ ಆಗಿತ್ತು. ಆದರೆ ಮೇ 18ರಂದು ಬುಕಾರೆಸ್ಟ್ ಮೇಯರ್ ನಿಕುಶೊರ್ ಡಾನ್ ಸುಮಾರು ಶೇ 54ರಷ್ಟು ಮತದೊಂದಿಗೆ ಗೆದ್ದರು. ಅವರು ಗಣಿತಜ್ಞರು, ಮಾತು ಮೆಲ್ಲಗೆ. ಟಿಕ್‌ಟಾಕ್‌ಗೆ ಹೇಳಿ ಮಾಡಿಸಿದ ಮನುಷ್ಯ ಅಲ್ಲವೇ ಅಲ್ಲ. ಮನೆಯಲ್ಲೇ ಕೂತಿದ್ದ ಎಷ್ಟೋ ಜನ ಈ ಸಲ ಹೊರಗೆ ಬಂದು ಮತ ಹಾಕಿದರು.

ನನ್ನ ಸಹೋದ್ಯೋಗಿಯ ಅಣ್ಣ ಇಟಲಿಯಲ್ಲಿ ಲಾರಿ ಓಡಿಸುತ್ತಾರೆ. ರದ್ದಾದ ಎರಡನೇ ಸುತ್ತಿನಲ್ಲಿ ಆಗಲೇ ಮತ ಹಾಕಿ ಬಂದಿದ್ದರು. ಮೇ ತಿಂಗಳಲ್ಲಿ ಮತಗಟ್ಟೆಗೆ ಹೋಗಲೇ ಇಲ್ಲ. "ಒಂದು ಸಲ ಎಣಿಸದವರು ಎರಡನೇ ಸಲ ಎಣಿಸ್ತಾರೆ ಅಂತ ಏನು ಗ್ಯಾರಂಟಿ" ಅಂತ ತಮ್ಮನಿಗೆ ಫೋನ್‌ನಲ್ಲಿ ಕೇಳಿದರಂತೆ.

ಹಳೇ ಪೇಪರ್ ಓದುಗ:
ಆ ಅಣ್ಣನಿಗೆ ಕೊಡುವ ಉತ್ತರ ನನ್ನ ಹತ್ತಿರ ಇಲ್ಲ. ನಿಮ್ಮ ಸಹೋದ್ಯೋಗಿ ಏನಂದರು?

ಬುಕಾರೆಸ್ಟ್ ಕನ್ನಡಿಗ:
ಅವರು ಡಾನ್‌ಗೆ ಮತ ಹಾಕಿದವರು. ಅವತ್ತು ಅಣ್ಣನ ಜೊತೆ ವಾದ ಮಾಡಲಿಲ್ಲವಂತೆ. ಈಗಲೂ ವಾರಕ್ಕೊಮ್ಮೆ ಮಾತಾಡ್ತಾರೆ, ಆ ವಿಷಯ ಮಾತ್ರ ಇಬ್ಬರೂ ತೆಗೆಯಲ್ಲ.